ಬೇಸಿಗೆಯ ಕಡಲಹಕ್ಕಿಗಳೂ ನಮ್ಮ ಕರ್ತವ್ಯವೂ

ಕರಾವಳಿಯ ಹಕ್ಕಿಗಳೆಂದೊಡನೆ ನಮಗೆ ಚಳಿಗಾಲ ನೆನಪಾಗುವುದು ಸಹಜ. ಆಗ ಉತ್ತರದ ಶೀತದೇಶಗಳಿಂದ ಹಾರಿಬಂದ ಹಕ್ಕಿಗಳು ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿ ನೆರೆಯುತ್ತವೆ. ಅವನ್ನು ನೋಡಲು ದುರ್ಬೀನು ಹಿಡಿದ ಹವ್ಯಾಸಿಗಳೂ ಬರುತ್ತಾರೆ. ಬಿಸಿಲೇರಿದೊಡನೆ ಹಕ್ಕಿಗಳೂ ಹೋದುವು, ನೋಡುವವರೂ ಹೋದರು ಎಂದು ನಾವು ತಿಳಿಯುತ್ತೇವೆ. ಇದು ಅರ್ಧ ಮಾತ್ರ ನಿಜ.

ಎಲ್ಲ ಹಕ್ಕಿಗಳೂ ಹೋಗುವುದಿಲ್ಲ. ಕರ್ಲ್ಯೂ, ಮರಳು ಪ್ಲೋವರ್ ಮೊದಲಾದ ಜಾತಿಗಳ ಎಳೆಯ ಹಕ್ಕಿಗಳಲ್ಲಿ ಹಲವು, ಗೂಡು ಕಟ್ಟುವ ವಯಸ್ಸು ಇನ್ನೂ ಬಾರದುದರಿಂದ, ಮೊದಲ ಬೇಸಿಗೆಯನ್ನು ದಕ್ಷಿಣದ ತೀರಗಳಲ್ಲಿಯೇ ಕಳೆಯುತ್ತವೆ. ಬೇಸಿಗೆ ಮುಗಿಯುತ್ತ ಬಂದಂತೆ ಇನ್ನೊಂದು ವಿಶೇಷ. ಫ್ರಿಗೇಟ್ ಹಕ್ಕಿ, ಬೂಬಿ, ಸೂಟಿ ಟರ್ನ್ ಮೊದಲಾದುವು ನಡುಗಡಲಿನಲ್ಲಿ ಬಾಳುವಂಥವು. ಮೊಟ್ಟೆಯಿಡುವುದಕ್ಕಲ್ಲದೆ ನೆಲಕ್ಕೆ ಬರುವುದು ಅಪರೂಪ. 2021ರ ಮೇ ತಿಂಗಳಲ್ಲಿ ನಮ್ಮ ಕಡಲಿನ ಪಕ್ಕದಲ್ಲಿ ಹಾದುಹೋದ ತೌಕ್ತೆಯಂಥ ಚಂಡಮಾರುತವೋ, ಮುಂಗಾರಿನ ಬಿರುಗಾಳಿಯೋ ಬೀಸಿದಾಗ ಇಂಥ ಹಕ್ಕಿಗಳು ಬಳಲಿ ಪಶ್ಚಿಮ ಕರಾವಳಿಯ ಮರಳಿನ ಮೇಲೆ ಬಂದು ಬೀಳುವುದುಂಟು.

ಆಗ ಅವನ್ನು ಮೊದಲು ಕಾಣುವವರು ಯಾರು? ಇಳಿತದ ಹೊತ್ತಿಗೆ ಚಿಪ್ಪಿ ಹೆಕ್ಕುವ ಹೆಂಗಸರು. ದಡದಲ್ಲಿ ಬಲೆ ಎಳೆಯುವ ಗಂಡಸರು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನ್ನ ತಾಯಿಗೆ ಅಕ್ಷರ ಬಾರದು. ಆದರೆ ಯಾವ ಹಕ್ಕಿ ಯಾವ ಇಳಿತಕ್ಕೆ ಯಾವ ದಿಣ್ಣೆಯ ಮೇಲೆ ನಿಲ್ಲುವುದೆಂದು ಆಕೆ ಬಲ್ಲಳು. ಹೊಸ ಹಕ್ಕಿ ಬಂದರೆ ಗುರುತಿಸಬಲ್ಲಳು. ಆ ತಿಳಿವು ಯಾವ ಪುಸ್ತಕದಲ್ಲಿಯೂ ಇಲ್ಲ. ಬಲ್ಲವರಿಗೆ ಬರೆಯಲು ಬಾರದು. ಬರೆಯಬಲ್ಲವರು ಬೇಸಿಗೆಯಲ್ಲಿ ಅಲ್ಲಿರುವುದಿಲ್ಲ. ರಜೆಗೆ ಊರಿಗೆ ಹೋಗುವ ನಾವು ಮಾತ್ರ ಎರಡು ಕಡೆಯೂ ಸಲ್ಲುವವರು.

ಬರೆದಿಡುವುದರಿಂದ ಏನು ಪ್ರಯೋಜನವೆಂದು ಕೇಳಬಹುದು. ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರದ ಯೋಜನೆ ಬಂದಾಗ ಜನರು ವಿರೋಧಿಸಿದರು, ಯೋಜನೆ ನಿಂತಿತು. ಅಳಿವೆಯ ಮೀನು, ಚಿಪ್ಪಿ, ಕಾಂಡ್ಲಗಳನ್ನು ಕುರಿತು ವಿಜ್ಞಾನಿಗಳು ಬರೆದ ವರದಿಗಳು ಜನರ ಮಾತಿಗೆ ಬಲವಾದುವು. 2024ರಲ್ಲಿ ಇದೇ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಕಚೇರಿಯಲ್ಲಿ ಕಾಗದವೇ ಸಾಕ್ಷಿ; ಕಾಗದದಲ್ಲಿಲ್ಲದ ಹಕ್ಕಿ ಅಲ್ಲಿ ಇಲ್ಲದ ಹಕ್ಕಿಯೇ ಸರಿ.

ಇದು ವಿಜ್ಞಾನದ ವಿದ್ಯಾರ್ಥಿಗಳ ಕೆಲಸ, ಕಲಾ ಕಾಲೇಜಿನವರಿಗೇಕೆ ಎಂದು ಕೆಲವು ಮಿತ್ರರು ಹೇಳಿಯಾರು. ತೇದಿಯೂ ಸ್ಥಳವೂ ತಿಳಿಯದ ಶಾಸನದ ಬೆಲೆ ಎಷ್ಟೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಾದ ನಮಗಿಂತ ಚೆನ್ನಾಗಿ ಬಲ್ಲವರಾರು? ಹಕ್ಕಿಯ ದಾಖಲೆಗೂ ಬೇಕಾದುದು ಅದೇ: ದಿನ, ಹೊತ್ತು, ಸ್ಥಳ, ಕಂಡ ರೂಪ, ಕಂಡವರು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರಿಗೆ ವಿಶ್ವವಿದ್ಯಾನಿಲಯದ ಪದವಿಯಿಲ್ಲವೆಂದು ಒಮ್ಮೆ ಸರ್ಕಾರಿ ಹುದ್ದೆಯೇ ತಪ್ಪಿತ್ತಂತೆ. ಅವರ ದಿನಚರಿಯ ಶಿಸ್ತು ಮಾತ್ರ ತಪ್ಪಲಿಲ್ಲ.

ಆದುದರಿಂದ ನನ್ನದೊಂದು ಸೂಚನೆ. ನಮ್ಮ ವಾಚನಾಲಯದಲ್ಲಿ ಒಂದು ದಪ್ಪ ವಹಿ ಇರಲಿ. ಕರಾವಳಿಯ ಊರುಗಳಿಂದ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇಸಿಗೆ ರಜೆಯಲ್ಲಿ ತಾನು ಕಂಡುದನ್ನು, ಹಿರಿಯರು ಹೇಳಿದುದನ್ನು, ಹಕ್ಕಿಗೆ ಊರಿನಲ್ಲಿರುವ ಹೆಸರನ್ನು ಅದರಲ್ಲಿ ಬರೆಯಲಿ. ಮೊಬೈಲಿನಲ್ಲಿ ಚಿತ್ರವಿದ್ದರೆ ಈ-ಬರ್ಡ್ ತಾಣಕ್ಕೂ ಕಳುಹಿಸಲಿ. ಚಿತ್ರದ ಆಸೆಗೆ ಬಳಲಿದ ಹಕ್ಕಿಯನ್ನು ಅಟ್ಟುವುದಾಗಲಿ, ಕರುಣೆಯಿಂದಲೇ ಆದರೂ ಮತ್ತೆ ಕಡಲಿಗೆಸೆಯುವುದಾಗಲಿ ಬೇಡ. ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು.

ಓದು ಕಲಿತವನು ಮನೆಯ ಹಿರಿಯರ ತಿಳಿವನ್ನು ಹಳತೆಂದು ಬದಿಗಿಡುವುದು ಸುಲಭ. ಅದನ್ನು ಅಕ್ಷರಕ್ಕಿಳಿಸಿ, ಅದರ ಕೆಳಗೆ ಅವರ ಹೆಸರನ್ನೂ ಬರೆಯುವುದು ನಾವು ಪಡೆದ ವಿದ್ಯೆಗೆ ತಕ್ಕ ಕೆಲಸ. ಅಧ್ಯಾಪಕರು ದಾರಿ ತೋರಿದರೆ, ಬರುವ ಬೇಸಿಗೆಯಲ್ಲಿಯೇ ಮೊದಲ ಪುಟ ತುಂಬಬಹುದು.