ಸ್ಮಾರ್ಟ್ ಮೀಟರ್: ಬಿಲ್ಲಿಗಿಂತ ಮೊದಲು ಲೆಕ್ಕ ಸರಿಯಿರಲಿ

ಬಳಕೆಯ ಅಂಕಿಗಳನ್ನು ರೇಡಿಯೋ ಸಂಕೇತದ ಮೂಲಕ ತಾವೇ ಕಚೇರಿಗೆ ರವಾನಿಸುವ ಸ್ಮಾರ್ಟ್ ಮೀಟರುಗಳನ್ನು ಅಳವಡಿಸುವ ಕಾರ್ಯವು ಅನೇಕ ದೇಶಗಳ ನೀರು ಸರಬರಾಜು ಸಂಸ್ಥೆಗಳಲ್ಲಿ ನಡೆದಿದೆ. ಸೋರಿಕೆ ಬೇಗ ಪತ್ತೆಯಾಗುತ್ತದೆ, ಮೀಟರ್ ಓದುವ ಖರ್ಚು ತಗ್ಗುತ್ತದೆ, ವಸೂಲಿ ಹೆಚ್ಚುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಬರಲಿರುವ ಆದಾಯವನ್ನು ಬಂದೇಬಿಟ್ಟಿತೆಂದು ಜಮಾ ಹಿಡಿದ ನಗರವೊಂದರ ಅನುಭವವನ್ನು ವ್ಯಾಪಾರಿಗಳೂ ಸಣ್ಣ ಉದ್ದಿಮೆದಾರರೂ ಅರಿಯುವುದು ಒಳಿತು.

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್ ನಗರವು 2013ರಲ್ಲಿ ಸೀಮೆನ್ಸ್ ಸಂಸ್ಥೆಯೊಡನೆ ಸುಮಾರು 9 ಕೋಟಿ ಡಾಲರುಗಳ ಗುತ್ತಿಗೆ ಮಾಡಿಕೊಂಡಿತು. ಹೊಸ ಮೀಟರು, ಹೊಸ ಬಿಲ್ಲಿಂಗ್ ವ್ಯವಸ್ಥೆ ಹಾಗೂ ಶುದ್ಧೀಕರಣ ಘಟಕಗಳ ದುರಸ್ತಿ ಅದರಲ್ಲಿ ಸೇರಿದ್ದವು. ಇದಕ್ಕಾಗಿ ನಗರವು ಸಾಲಪತ್ರಗಳನ್ನು ಹೊರಡಿಸಿತು. ಹೆಚ್ಚಿದ ವಸೂಲಿಯಿಂದಲೇ ಸಾಲ ತೀರುವುದೆಂಬುದು ಅಂದಾಜು.

ನಡೆದದ್ದೇ ಬೇರೆ. ಘನ ಅಡಿಗಳಲ್ಲಿ ಅಳೆಯಬೇಕಾದ ಕಡೆ ಗ್ಯಾಲನ್ ಅಳತೆಯ ಮೀಟರುಗಳೂ ಕುಳಿತವು. ಒಂದು ಘನ ಅಡಿಯೆಂದರೆ ಸುಮಾರು ಏಳೂವರೆ ಗ್ಯಾಲನ್. ಗ್ಯಾಲನ್ನಿನ ಅಂಕಿಯನ್ನು ಘನ ಅಡಿಯೆಂದು ಓದಿದರೆ ಬಿಲ್ಲು ಏನಾಗಬಹುದೆಂಬುದನ್ನು ಯಾವ ಅಂಗಡಿಯ ಗುಮಾಸ್ತನೂ ಹೇಳಬಲ್ಲ. ಮೀಟರಿಗೂ ಬಿಲ್ಲಿಂಗ್ ವ್ಯವಸ್ಥೆಗೂ ಹೊಂದಾಣಿಕೆಯಾಗದೆ ಕೆಲವರಿಗೆ ವಿಪರೀತ ಮೊತ್ತದ ಬಿಲ್ಲುಗಳು ಬಂದವು. ಸಾವಿರಾರು ಗ್ರಾಹಕರಿಗೆ ತಿಂಗಳುಗಟ್ಟಲೆ ಬಿಲ್ಲೇ ಬರಲಿಲ್ಲ. 2019ರಲ್ಲಿ ನಗರವು ದಾವೆ ಹೂಡಿತು. 2020ರಲ್ಲಿ 8 ಕೋಟಿ 98 ಲಕ್ಷ ಡಾಲರಿಗೆ ರಾಜಿಯಾಯಿತು. ಗುತ್ತಿಗೆಯ ಮೊತ್ತ ಬಹುಪಾಲು ಮರಳಿತಾದರೂ ಅದರಲ್ಲಿ ದೊಡ್ಡ ಪಾಲು ವಕೀಲರ ಶುಲ್ಕಕ್ಕೆ ಹೋಯಿತು. ಕಳೆದುಹೋದ ವರ್ಷಗಳ ವಸೂಲಿ ಮರಳಲಿಲ್ಲ. 2022ರ ಆಗಸ್ಟಿನಲ್ಲಿ ನಗರದ ಮುಖ್ಯ ಶುದ್ಧೀಕರಣ ಘಟಕವು ಕುಸಿದು ಸುಮಾರು ಒಂದೂವರೆ ಲಕ್ಷ ಜನರು ಸುರಕ್ಷಿತ ನೀರಿಲ್ಲದೆ ಪರದಾಡಿದರು. ಇದಕ್ಕೆ ಮೀಟರೊಂದೇ ಕಾರಣವಲ್ಲ. ದಶಕಗಳ ಅಲಕ್ಷ್ಯವೂ ಪ್ರವಾಹವೂ ಸೇರಿದ್ದವು. ಆದರೆ ವಸೂಲಿಯಿಲ್ಲದ ಸಂಸ್ಥೆಗೆ ದುರಸ್ತಿಯ ಹಣ ಎಲ್ಲಿಂದ ಬರಬೇಕು?

ನಮ್ಮ ರಾಜ್ಯದಲ್ಲಿ ಇದಕ್ಕಿಂತ ವಿವೇಕದ ಕ್ರಮವೊಂದರ ನಿದರ್ಶನವಿದೆ. ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಗಳ ಆಯ್ದ ವಲಯಗಳಲ್ಲಿ 2008ರಲ್ಲಿ ನಿರಂತರ ನೀರು ಪೂರೈಕೆ ಆರಂಭವಾದಾಗ, ಮೊದಲು ಕೊಳವೆ ಜಾಲವನ್ನು ಹೊಸದಾಗಿ ಹಾಕಿ, ಪ್ರತಿ ನಲ್ಲಿಗೂ ಮೀಟರ್ ಕೂಡಿಸಿ, ಅಳತೆಯ ಮೇಲೆ ದರ ವಿಧಿಸಲಾಯಿತು. ಈ ಅನುಕ್ರಮವೇ ಮುಖ್ಯ. ಮೂರು-ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಕೊಳವೆಯಲ್ಲಿ ನೀರಿಗಿಂತ ಮುಂಚೆ ಗಾಳಿ ನುಗ್ಗುತ್ತದೆ. ಆ ಗಾಳಿಗೂ ಸಾಮಾನ್ಯ ಮೀಟರ್ ತಿರುಗುತ್ತದೆ. ಅಂತಹ ಅಂಕಿಯನ್ನು ರೇಡಿಯೋದಲ್ಲಿ ಕಳುಹಿಸಿದ ಮಾತ್ರಕ್ಕೆ ಅದು ಸತ್ಯವಾಗದು.

ತಪ್ಪು ಬಿಲ್ಲಿನ ಹೊರೆ ಮನೆಗಿಂತ ಉದ್ದಿಮೆಗೆ ಭಾರ. ಬಟ್ಟೆಗೆ ಬಣ್ಣ ಹಾಕುವವರಿಗೆ, ಐಸ್ ತಯಾರಿಸುವವರಿಗೆ, ಹೋಟೆಲಿನವರಿಗೆ ನೀರೇ ಕಚ್ಚಾ ಸಾಮಗ್ರಿ. ಎರಡು ವರ್ಷದ ಹಿಂಬಾಕಿಯನ್ನು ಒಮ್ಮೆಲೇ ಕೇಳಿದರೆ, ಆಗಲೇ ಮಾರಿದ ಸರಕಿನ ಬೆಲೆಯನ್ನು ತಿದ್ದಿ ಗಿರಾಕಿಯಿಂದ ವಸೂಲು ಮಾಡಲಾಗದು. ಅದು ನೇರವಾಗಿ ಬಂಡವಾಳವನ್ನೇ ತಿನ್ನುತ್ತದೆ.

ಆದ್ದರಿಂದ ಸ್ಮಾರ್ಟ್ ಮೀಟರನ್ನು ವಿರೋಧಿಸುವುದಕ್ಕಿಂತ ಷರತ್ತುಗಳನ್ನು ಮುಂದಿಡುವುದು ಲೇಸು. ಮೊದಲನೆಯದಾಗಿ, ವಲಯಕ್ಕೆ ಬಿಟ್ಟ ನೀರಿಗೂ ಬಿಲ್ಲಾದ ನೀರಿಗೂ ತಾಳೆ ನೋಡುವ ಪದ್ಧತಿ ಬರಬೇಕು. ಇದು ದಾಸ್ತಾನು ಪುಸ್ತಕದ ಸರಳ ನಿಯಮ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2008ರಲ್ಲೇ ಆದಾಯ ತಾರದ ನೀರು ಶೇ. 20ನ್ನು ಮೀರಬಾರದೆಂಬ ಮಾನದಂಡ ನೀಡಿದೆ. ಎರಡನೆಯದಾಗಿ, ಕೆಲವು ತಿಂಗಳು ಹಳೆಯ ಮತ್ತು ಹೊಸ ವ್ಯವಸ್ಥೆಗಳು ಜೊತೆಜೊತೆಗೆ ನಡೆಯಬೇಕು. ಮೂರನೆಯದಾಗಿ, ಗುತ್ತಿಗೆದಾರನಿಗೆ ಕೂಡಿಸಿದ ಮೀಟರುಗಳ ಸಂಖ್ಯೆಯ ಮೇಲಲ್ಲ, ಪರಿಶೀಲಿತ ಬಿಲ್ಲುಗಳ ಮೇಲೆ ಹಣ ಸಂದಾಯವಾಗಬೇಕು. ನಾಲ್ಕನೆಯದಾಗಿ, ವಿವಾದವಿರುವಾಗ ಹಿಂದಿನ ಸರಾಸರಿಯನ್ನು ಕಟ್ಟಿದವರ ಸಂಪರ್ಕ ಕಡಿಯಬಾರದು. ಹಿಂಬಾಕಿ ಬೇಡಿಕೆಗೆ ಕಾಲಮಿತಿ ಇರಬೇಕು.

ವ್ಯಾಪಾರಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಸರಕಾರದ ತಕ್ಕಡಿಗೂ ಅದೇ ನ್ಯಾಯ ಸಲ್ಲಬೇಕು. ಟೆಂಡರು ಹೊರಡುವ ಮುನ್ನವೇ ವಾಣಿಜ್ಯ ಮಂಡಳಿಗಳು ಈ ಬೇಡಿಕೆಗಳನ್ನು ಲಿಖಿತವಾಗಿ ಸಲ್ಲಿಸುವುದು ಯುಕ್ತ. ಗುತ್ತಿಗೆಗೆ ಸಹಿ ಬಿದ್ದ ಬಳಿಕ ಉಳಿಯುವುದು ನ್ಯಾಯಾಲಯದ ದಾರಿಯೊಂದೇ.