ಫಲಕ ದೊಡ್ಡದು, ಲೆಕ್ಕ ಎಲ್ಲಿ?

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಅರಸೀಕೆರೆ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದೆ. ಒಂದು ದಿನ ಬೆಳಿಗ್ಗೆ ಶಾಲೆಯ ಮುಂದೆ ಎರಡು ಕಾರು ಬಂದು ನಿಂತವು. ಒಂದು ಕಂಪನಿಯವರು ಮಕ್ಕಳಿಗೆ ಕುಡಿಯುವ ನೀರಿನ ಯಂತ್ರ ಕೊಡುವ ಸಮಾರಂಭ. ಮಕ್ಕಳನ್ನು ಸಾಲಾಗಿ ನಿಲ್ಲಿಸು ಎಂದು ನನಗೆ ಅಪ್ಪಣೆಯಾಯಿತು, ನಿಲ್ಲಿಸಿದೆ. ಫೋಟೋ ತೆಗೆಯುವಾತ ಬಂದು ಸಾಲನ್ನು ತಿದ್ದಿದ. ಹಿಂದೆ ಅವಿತು ನಿಂತಿದ್ದ, ಹರಿದ ಲಂಗದ ಒಂದು ಹುಡುಗಿಯನ್ನು ಕೈ ಹಿಡಿದು ಮುಂದಕ್ಕೆ ತಂದ. ಆ ಮಗು ಮೂರು ಸಲ ನೀರು ಕುಡಿಯಬೇಕಾಯಿತು, ಯಾಕೆಂದರೆ ಮೊದಲ ಎರಡು ಸಲ ಅದು ನಗಲಿಲ್ಲ.

ಯಂತ್ರ ಒಂದು ಬೇಸಿಗೆ ನಡೆಯಿತು. ಫಿಲ್ಟರು ಕೆಟ್ಟ ಮೇಲೆ ಯಾರೂ ಇತ್ತ ತಲೆ ಹಾಕಲಿಲ್ಲ. ಮಕ್ಕಳು ಮತ್ತೆ ಕೊಳವೆ ಬಾವಿಯ ನೀರಿಗೇ ಹೋದರು. ಗೋಡೆಯ ಮೇಲಿನ ಫಲಕ ಮಾತ್ರ ಇಂದಿಗೂ ಇದೆ. ಆ ಮಗುವನ್ನು ಸಾಲಿನಲ್ಲಿ ನಿಲ್ಲಿಸಿದವನು ನಾನೇ ಎಂಬುದನ್ನು ಮರೆಮಾಚುವುದಿಲ್ಲ.

ಬಂಧುಗಳೇ, ಈ ಕಸುಬಿಗೆ ಸಾರ್ವಜನಿಕ ಸಂಪರ್ಕ ಎಂದು ಹೆಸರು. ಹೆಸರು ಕೇಳಲು ಇಂಪಾಗಿದೆ. ಸಂಪರ್ಕವೆಂದರೆ ಎರಡು ಕಡೆಯಿಂದ ಮಾತು ನಡೆಯಬೇಕು. ಇಲ್ಲಿ ಒಂದು ಕಡೆಯವರದೇ ಬಾಯಿ, ಇನ್ನೊಂದು ಕಡೆಯವರದು ಬರೀ ಕಿವಿ.

ಇದು ಹುಟ್ಟಿದ ಬಗೆಯನ್ನು ಗಿರಣಿಯ ಗೆಳೆಯರು ತಿಳಿದಿರಬೇಕು. ಅಮೆರಿಕದ ಕೊಲರಾಡೋ ಸಂಸ್ಥಾನದಲ್ಲಿ ಕಲ್ಲಿದ್ದಲ ಗಣಿಯ ಕೂಲಿಕಾರರು ಮುಷ್ಕರ ಹೂಡಿದ್ದರು. ಕಂಪನಿಯ ಮನೆಗಳಿಂದ ಹೊರಹಾಕಿಸಿಕೊಂಡು, ಲಡ್ಲೋ ಎಂಬಲ್ಲಿ ಡೇರೆ ಹಾಕಿಕೊಂಡು ಹೆಂಡಿರು ಮಕ್ಕಳೊಡನೆ ಬದುಕಿದ್ದರು. 1914ರ ಏಪ್ರಿಲ್ 20ರಂದು ಸಂಸ್ಥಾನದ ಪಡೆ ಆ ಡೇರೆಗಳ ಮೇಲೆ ಗುಂಡು ಹಾರಿಸಿತು, ಡೇರೆಗಳು ಹೊತ್ತಿ ಉರಿದವು. ಗುಂಡಿಗೆ ಹೆದರಿ ಡೇರೆಯಡಿಯ ಹಳ್ಳದಲ್ಲಿ ಅಡಗಿದ್ದ 2 ಹೆಂಗಸರು, 11 ಮಕ್ಕಳು ಉಸಿರುಗಟ್ಟಿ ಸತ್ತರು. ಗಣಿಯ ದೊಡ್ಡ ಒಡೆತನ ರಾಕ್‌ಫೆಲ್ಲರ್ ಮನೆತನದ್ದು. ದೇಶವೆಲ್ಲ ಛೀ ಎಂದಾಗ ಅವರು ಕರೆಸಿಕೊಂಡದ್ದು ವೈದ್ಯರನ್ನಲ್ಲ, ನ್ಯಾಯಾಧೀಶರನ್ನಲ್ಲ. ಐವಿ ಲೀ ಎಂಬ ಮಾಜಿ ಪತ್ರಕರ್ತನನ್ನು.

ಈ ಲೀ 1906ರಲ್ಲೇ, ನಾವು ಸತ್ಯವನ್ನು ಬಹಿರಂಗವಾಗಿ ಪತ್ರಿಕೆಗಳಿಗೆ ಒದಗಿಸುತ್ತೇವೆ ಎಂದು ಪ್ರಣಾಳಿಕೆ ಹೊರಡಿಸಿದ್ದವನು. ಲಡ್ಲೋದಲ್ಲಿ ಮಾಡಿದ್ದೇನು? ಕರಪತ್ರದ ಮೇಲೆ ಕರಪತ್ರ ಅಚ್ಚು ಹಾಕಿಸಿ ದೇಶದ ಗಣ್ಯರಿಗೆಲ್ಲ ಹಂಚಿದ. ಅದರಲ್ಲೊಂದು ಕಡೆ ಕಾರ್ಮಿಕ ಸಂಘದ ಮುಖಂಡನ ಇಡೀ ವರ್ಷದ ಸಂಬಳವನ್ನು ಒಂಬತ್ತೇ ವಾರದ ಸಂಬಳವೆಂದು ತೋರಿಸಿತ್ತು. ವಿಚಾರಣಾ ಆಯೋಗ 1915ರಲ್ಲಿ ಅವನನ್ನು ಕರೆದು ಕೇಳಿತು. ಕಂಪನಿಯವರು ಕೊಟ್ಟದ್ದನ್ನು ಪರೀಕ್ಷಿಸದೆ ಅಚ್ಚು ಹಾಕಿಸಿದ್ದನ್ನು ಅವನೇ ಒಪ್ಪಿಕೊಳ್ಳಬೇಕಾಯಿತು. ಐವಿ ಎಂಬುದು ಅಲ್ಲಿಯ ಒಂದು ಬಳ್ಳಿಯ ಹೆಸರು. ಅಪ್ಟನ್ ಸಿಂಕ್ಲೇರ್ ಎಂಬ ಲೇಖಕ ಇವನನ್ನು ವಿಷದ ಬಳ್ಳಿ ಎಂದೇ ಕರೆದ.

ಅದೇ ವರ್ಷ ಕಿರಿಯ ರಾಕ್‌ಫೆಲ್ಲರ್ ತಾನೇ ಗಣಿಗೆ ಬಂದ. ಕೂಲಿಕಾರರ ಜೊತೆ ಉಂಡ, ಅವರ ಮನೆಯ ಹೆಂಗಸರ ಜೊತೆ ಕುಣಿದ. ಪತ್ರಿಕೆಗಳು ಹಾಡಿ ಹೊಗಳಿದವು. ಸಂಘಕ್ಕೆ ಮಾನ್ಯತೆ ಸಿಕ್ಕಿತೇ? ಇಲ್ಲ. ಅದರ ಜಾಗದಲ್ಲಿ ಕಂಪನಿಯೇ ಒಂದು ಪ್ರಾತಿನಿಧ್ಯದ ಏರ್ಪಾಡು ಕಟ್ಟಿಕೊಟ್ಟಿತು. ನಮ್ಮ ಗಿರಣಿಗಳಲ್ಲಿ ಆಯುಧಪೂಜೆಯ ದಿನ ಸಿಹಿ ಹಂಚಿ ಬೆನ್ನು ತಟ್ಟಿ, ಮರುದಿನ ಓವರ್‌ಟೈಮಿನ ಲೆಕ್ಕ ಕೇಳಿದವನ ಮೇಲೆ ಕಣ್ಣು ಕೆಂಪು ಮಾಡುವ ಮಾಲೀಕರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ನೀರಿನ ಯಂತ್ರಕ್ಕೆ ಮತ್ತೆ ಬರುತ್ತೇನೆ. ಫಲಕದಲ್ಲಿ ‘ಉದಾರ ಕೊಡುಗೆ’ ಎಂದಿದೆ. ಎಂಥ ಉದಾರತೆ? 2013ರ ಕಂಪನಿ ಕಾಯಿದೆಯ 135ನೆಯ ಕಲಂ ಪ್ರಕಾರ, ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಅಥವಾ 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಆಸ್ತಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇಕಡ 2ನ್ನು ಸಮಾಜದ ಕೆಲಸಕ್ಕೆ ಹಾಕಲೇಬೇಕು. ಅಂಗಡಿಯವನು ತೆರಿಗೆ ಕಟ್ಟಿದರೆ ಅದನ್ನು ದಾನ ಎನ್ನುತ್ತೇವೆಯೇ? ಸಾಮಾನು ಮಾರಾಟದ ಪ್ರಚಾರಕ್ಕಾಗಿ ಮಾಡಿದ ಪ್ರಾಯೋಜನೆ ಈ ಲೆಕ್ಕಕ್ಕೆ ಸೇರದು ಎಂದು 2021ರ ನಿಯಮ ಹೇಳುತ್ತದೆ. ಕಾನೂನು ಮಾಡಿದವರಿಗೇ ಇವರ ಮೇಲೆ ನಂಬಿಕೆ ಇರಲಿಲ್ಲವೆಂದಾಯಿತು. ಈ ಹಣವನ್ನು ಕೈಗೆತ್ತಿಕೊಂಡು ಊರೂರು ತಿರುಗುವ ಸೇವಾಸಂಸ್ಥೆಗಳಲ್ಲಿ ಒಳ್ಳೆಯವರಿದ್ದಾರೆ, ನಾನು ಬಲ್ಲೆ. ಆದರೆ ಅವರಿಗೂ ಫಿಲ್ಟರು ಬದಲಾಯಿಸುವುದಕ್ಕಿಂತ ವರದಿಗೆ ಫೋಟೋ ಕಳಿಸುವ ಅವಸರವೇ ಹೆಚ್ಚು. ಮುಂದಿನ ವರ್ಷದ ಹಣ ಬರುವುದು ಫೋಟೋದಿಂದ.

ಇನ್ನು ಸರಕಾರ. ಅದರದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ. ಜಿಲ್ಲೆಯ ಕಚೇರಿಯಲ್ಲಿ ದುಡಿಯುವ ನೌಕರನ ಮೇಲೆ ನನ್ನ ಸಿಟ್ಟಿಲ್ಲ. ಯಾವ ಕಾಗದಕ್ಕೆ ಯಾವ ಕಚೇರಿ, ಯಾವ ದಿನ ಕೊನೆ ಎಂಬುದನ್ನು ಜನರಿಗೆ ತಿಳಿಸುವುದು ಪುಣ್ಯದ ಕೆಲಸ. ಸಿಟ್ಟು, ಆ ಕೆಲಸವನ್ನು ಮೂಲೆಗೊತ್ತಿ ಪುಟಗಟ್ಟಲೆ ಮುಖ ತೋರಿಸುವುದರ ಮೇಲೆ. 2015ರ ಮೇ 13ರಂದು ಸುಪ್ರೀಂ ಕೋರ್ಟು ಸರಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಇವರ ಚಿತ್ರ ಬಿಟ್ಟು ಬೇರೆಯವರದು ಕೂಡದೆಂದಿತು. ವರ್ಷ ಕಳೆಯುವಷ್ಟರಲ್ಲಿ ಸರಕಾರಗಳು ಓಡಿಹೋಗಿ ಮೊರೆಯಿಟ್ಟವು. 2016ರ ಮಾರ್ಚ್ 18ರಂದು ಮುಖ್ಯಮಂತ್ರಿ, ಮಂತ್ರಿಗಳ ಚಿತ್ರಕ್ಕೂ ಅನುಮತಿ ಸಿಕ್ಕಿತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಒಂದು ವಿಷಯದಲ್ಲಿ ಜಗಳವಿಲ್ಲ.

ನಮ್ಮ ಕೊಬ್ಬರಿ ಮಂಡಿಯವರನ್ನು ಕೇಳಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯೆಂದು ಘೋಷಣೆಯಾಗಿತ್ತು. ಪೇಟೆಯಲ್ಲಿ ಧಾರಣೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. 2024ಕ್ಕೆ 12,000 ಎಂದರು. ಘೋಷಣೆ ಮನೆಮನೆಗೆ ತಲುಪಿತು. ಆದರೆ ಖರೀದಿ ಎಷ್ಟು ದಿನ, ಒಬ್ಬನಿಂದ ಎಷ್ಟು, ಹಣ ಯಾವಾಗ ಎಂದು ತಿಳಿಯಲು ರೈತ ಸಾಲಿನಲ್ಲಿ ನಿಲ್ಲಬೇಕಾಯಿತು.

ಬೇಲೂರು, ಹಳೇಬೀಡಿನ ಸಂಗತಿ ಇನ್ನೂ ಸೊಗಸು. 2023ರ ಸೆಪ್ಟೆಂಬರ್ 18ರಂದು ರಿಯಾದಿನಲ್ಲಿ ಸೇರಿದ ಯುನೆಸ್ಕೋ ಸಮಿತಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ, ನಮ್ಮ ಕಲ್ಲುಕುಟಿಗರಿಗೆ ಸಲ್ಲಬೇಕಾದ ಗೌರವವೇ. ಎಲ್ಲ ಪಕ್ಷದವರೂ ಅಭಿನಂದನೆಯ ಫಲಕ ಕಟ್ಟಿದರು, ಪ್ರತಿಯೊಬ್ಬರೂ ತಮ್ಮ ಚಿತ್ರದೊಂದಿಗೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡ ಕೂಡದು, ಅದರಾಚೆ 200 ಮೀಟರು ಅಪ್ಪಣೆಯಿಲ್ಲದೆ ಕಟ್ಟಕೂಡದು ಎಂದು 2010ರಲ್ಲಿ ತಿದ್ದಿದ ಕಾನೂನು ಹೇಳುತ್ತದೆ. ಅದು ತಪ್ಪೆನ್ನುವವನು ನಾನಲ್ಲ, ದೇಗುಲ ಉಳಿಯಬೇಕು. ಆದರೆ ಸೋರುವ ಹೆಂಚಿನ ಮನೆಯವನು, ಗೂಡಂಗಡಿಯ ಹೂವಿನವಳು ಯಾವ ರಿಪೇರಿಗೆ ಯಾರನ್ನು ಕೇಳಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ರಥಬೀದಿಯಲ್ಲಿ ಒಂದು ಫಲಕ ಹಾಕಿದ್ದರೆ ನನಗೆ ತೋರಿಸಿ, ನಾನೇ ಹಾರ ಹಾಕುತ್ತೇನೆ.

ಪ್ರಚಾರವೇನು ಹೊಸತಲ್ಲ. ವಿಷ್ಣುವರ್ಧನನ ಕಾಲದ ಶಾಸನಗಳಲ್ಲೂ ಬಿರುದಿನ ಮೇಲೆ ಬಿರುದು, ಹೊಗಳಿಕೆಯ ಮೇಲೆ ಹೊಗಳಿಕೆ. ಆದರೆ ಹೊಗಳಿಕೆ ಮುಗಿದ ಮೇಲೆ ಆ ಕಲ್ಲು ಏನು ಹೇಳುತ್ತದೆ ನೋಡಿ. ದತ್ತಿ ಬಿಟ್ಟ ಭೂಮಿ ಯಾವುದು, ಎಷ್ಟು ಅಳತೆ, ಗಡಿ ಎಲ್ಲಿ, ಯಾವ ಸೇವೆಗೆ, ಅಳಿಪಿದವನಿಗೆ ಯಾವ ಪಾಪ. ಬೇಲೂರಿನಲ್ಲಿ ಕೆತ್ತಿದವನ ಹೆಸರೂ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ವಿಗ್ರಹದ ಕೆಳಗೇ ಬರೆದುಕೊಂಡಿದ್ದಾರೆ. ರಾಜನ ಕಾಲದ ಕಲ್ಲು ಲೆಕ್ಕ ಕೊಟ್ಟಿತು, ದುಡಿದವನ ಹೆಸರನ್ನೂ ಹೇಳಿತು. ಪ್ರಜೆಗಳ ಕಾಲದ ತಗಡು ಹೊಗಳಿಕೆಯ ಭಾಗವನ್ನು ಮಾತ್ರ ಉಳಿಸಿಕೊಂಡಿದೆ.

ನಮ್ಮ ಕೈಯಲ್ಲೂ ಒಂದು ಆಯುಧವಿದೆ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಂ ಯಾರೂ ಕೇಳದೆಯೇ ಕಚೇರಿಗಳು ತಮ್ಮ ಲೆಕ್ಕ ಪ್ರಕಟಿಸಬೇಕೆನ್ನುತ್ತದೆ. ಪ್ರಕಟಿಸದಿದ್ದರೆ 10 ರೂಪಾಯಿ ಕೊಟ್ಟು ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಅಂದಹಾಗೆ, ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಮಂತ್ರಿಗೆ ಪೂರ್ತಿ ಪುಟ, ಪ್ರಜೆಗೆ 150 ಪದ! ಇರಲಿ, ಅಷ್ಟು ಸಾಕು. ಈ ಫಲಕಕ್ಕೆ ಎಷ್ಟು ಖರ್ಚಾಯಿತು, ಫಲಕ ಹೇಳುವ ಕೆಲಸಕ್ಕೆ ಎಷ್ಟು, ಹಣ ಯಾರದು, ಕೆಟ್ಟರೆ ಸರಿಮಾಡುವವರು ಯಾರು. ಇಷ್ಟನ್ನು ಕೇಳಲು 20 ಪದವೂ ಬೇಡ. ಕಂಪನಿಗೆ ಈ ಕಾಯಿದೆ ನೇರವಾಗಿ ತಗಲುವುದಿಲ್ಲವೆಂದು ಯಾರಾದರೂ ಕಾನೂನು ಹೇಳಬಹುದು. ಕೊಡುಗೆ ಪಡೆದ ಶಾಲೆ ಸರಕಾರದ್ದು, ಪಂಚಾಯಿತಿ ಸರಕಾರದ್ದು, ಅಲ್ಲಿ ಕೇಳೋಣ.

ಅರ್ಜಿಯ ನಮೂನೆಗಳನ್ನು ಬರೆದಿಟ್ಟಿದ್ದೇನೆ. ಪಾಳಿ ಮುಗಿಸಿದ ಗಿರಣಿಯವರು, ಅಂಗಡಿ ಬಾಗಿಲು ಹಾಕಿದವರು ಸಂಜೆ ಪಕ್ಷದ ಕಚೇರಿಗೆ ಬಂದರೆ ತುಂಬಿಕೊಡುತ್ತೇನೆ. ನಿಮ್ಮ ಬೀದಿಯ ಫಲಕದಲ್ಲಿ ಏನು ಬರೆದಿದೆ ಎಂಬುದನ್ನು ಅಕ್ಷರ ಬಿಡದೆ ಬರೆದು ತನ್ನಿ. ಮೊದಲನೆಯ ಅರ್ಜಿ ಆ ನೀರಿನ ಯಂತ್ರದ್ದು, ಅದಕ್ಕೆ ನನ್ನ ಸಹಿಯಾಗಿದೆ.