ಭಾಷಣಕ್ಕೆ ಮುನ್ನ

ಕಾವೇರಿಯಿಂದ ಗೋದಾವರಿಯವರೆಗಿನ ನಾಡವರು ಸಮಯೋಚಿತವಾಗಿ ಮಾತನಾಡಬಲ್ಲ ಜಾಣರೆಂದು 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕೊಂಡಾಡಿದೆ. ಇಂದಿನ ಶಾಲಾ ಸಮಾರಂಭಗಳಲ್ಲಿಯಾದರೋ, ಉಪಾಧ್ಯಾಯರು ಬರೆದುಕೊಟ್ಟುದನ್ನು ವಿದ್ಯಾರ್ಥಿಯು ಕಂಠಪಾಠ ಮಾಡಿ ಒಪ್ಪಿಸುತ್ತಾನೆ. ನಡುವೆ ಒಂದು ಪದ ಮರೆತರೆ ಮುಂದಿನದೆಲ್ಲ ಕಗ್ಗತ್ತಲೆ. ಕಾರಣವಿಷ್ಟೆ: ಆ ಮಾತು ಅವನದಲ್ಲ.

1863ರ ನವೆಂಬರ್ 19ರಂದು ಅಮೆರಿಕದ ಗೆಟಿಸ್‌ಬರ್ಗಿನಲ್ಲಿ, ಮಡಿದ ಸೈನಿಕರ ರುದ್ರಭೂಮಿಯನ್ನು ಸಮರ್ಪಿಸುವ ಸಮಾರಂಭದಲ್ಲಿ, ಎಡ್ವರ್ಡ್ ಎವರೆಟ್ಟರು ಸುಮಾರು 2 ಗಂಟೆ ಮಾತನಾಡಿದರು. ಅನಂತರ ಎದ್ದ ಅಬ್ರಹಾಂ ಲಿಂಕನ್ನರು ಎರಡು ಮೂರು ನಿಮಿಷಗಳಲ್ಲಿ ಮುಗಿಸಿದರು. ಲೋಕವು ನೆನೆಯುವುದು ಈ ಎರಡನೆಯದನ್ನು. ಅದು ರೈಲಿನಲ್ಲಿ ಗೀಚಿದ ಭಾಷಣವೆಂಬುದು ಕಟ್ಟುಕಥೆ. ಕರಡು ವಾಷಿಂಗ್ಟನ್ನಿನಲ್ಲಿಯೇ ಆರಂಭವಾಗಿತ್ತು. 87 ವರ್ಷಗಳ ಹಿಂದಿನ ರಾಷ್ಟ್ರೋದಯ, ಕಣ್ಣೆದುರಿನ ಯುದ್ಧ, ಬದುಕಿ ಉಳಿದವರ ಹೊಣೆ - ಈ ಮೂರು ಮೆಟ್ಟಿಲುಗಳಲ್ಲಿ ಅದು ಏರುತ್ತದೆ.

ಸಭಿಕರು ಯಾರು, ಹೇಳಬೇಕಾದ ಮುಖ್ಯ ವಿಚಾರ ಯಾವುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ವಿದ್ಯಾರ್ಥಿಯೇ ನಿಶ್ಚಯಿಸಿ, ನಾಲ್ಕು ಅಂಶಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳಲಿ. ಉಪಾಧ್ಯಾಯರು ತಿದ್ದಲಿ, ಬರೆದುಕೊಡದಿರಲಿ. ವೇದಿಕೆಯಲ್ಲಿ ಅವನು ತಡವರಿಸಬಹುದು, ಬಹುಮಾನವೂ ತಪ್ಪಬಹುದು. ಆದರೆ ನಾಳೆ ಗ್ರಾಮಸಭೆಯಲ್ಲಿ ತನ್ನೂರಿನ ಅಹವಾಲನ್ನು ತಾನೇ ಎದ್ದು ನಿಂತು ಹೇಳುವ ಧೈರ್ಯ ಅವನಲ್ಲಿ ಉಳಿಯುತ್ತದೆ.